ನಿಮಗಿದು ಗೊತ್ತೆ? ಕಂಟ್ರಿ ಹಾಡಿ ಗೆದ್ದ ರೇ ಚಾರ್ಲ್ಸ್
ಅಮೆರಿಕದ ಕಪ್ಪುವರ್ಣೀಯ ಗಾಯಕ ರೇ ಚಾರ್ಲ್ಸ್ ಎಂದರೆ ಪಿಯಾನೊ ನೆನಪಾಗುತ್ತದೆ. ಏಳನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡ ಅವರು ಶನಿವಾರ ರಾತ್ರಿ ರೇಡಿಯೊದಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ) ಸಂಗೀತ ಕಾರ್ಯಕ್ರಮಕ್ಕೆ ಕಿವಿಗೊಟ್ಟು ಬೆಳೆದವರು. ಹದಿಹರೆಯದಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಫ್ಲಾರಿಡಾ ಪ್ಲೇಬಾಯ್ಸ್’ ಎಂಬ ಬಿಳಿಯರ ಕಂಟ್ರಿ ತಂಡಕ್ಕೆ ಪಿಯಾನೊ ನುಡಿಸಿದ್ದರು. ಅದೂ ವರ್ಣಭೇದದ ಕಾನೂನು ಜಾರಿಯಲ್ಲಿದ್ದ ಕಾಲದಲ್ಲಿ!

1962ರಲ್ಲಿ ಕಂಟ್ರಿ ಹಾಡುಗಳದೇ ಆಲ್ಬಂ ತರುತ್ತೇನೆಂದಾಗ ರೆಕಾರ್ಡ್ ಕಂಪನಿಗೆ ಅಳುಕು. ಆದರೆ ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ಕೂತಿತು. ಅದರಲ್ಲಿದ್ದ, ಡಾನ್ ಗಿಬ್ಸನ್ ರಚಿಸಿದ ‘ಐ ಕಾಂಟ್ ಸ್ಟಾಪ್ ಲವಿಂಗ್ ಯು’ ಹಾಡುಗಳ ಪಟ್ಟಿಯಲ್ಲಿ 5 ವಾರ ನಂಬರ್ ಒನ್. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮಾತ್ರ ಅವರನ್ನು ಆರಿಸಿದ್ದು 2021ರಲ್ಲಿ, ಅವರು ತೀರಿಕೊಂಡು 17 ವರ್ಷಗಳಾದ ಮೇಲೆ.