ವೀರನ ಹೆಸರು ಹೊತ್ತ ಹಡಗು

ರಣವೀರರ ಹೆಸರನ್ನು ಯುದ್ಧನೌಕೆಗಳಿಗೆ ಇಡುವುದು ಅನೇಕ ದೇಶಗಳ ರೂಢಿ. ನಮ್ಮಲ್ಲಿ 1980ರ ದಶಕದಲ್ಲಿ ಆ ಗೌರವ ಸಂದುದು ತೈಲವಾಹಕ ಹಡಗುಗಳ ಮೂಲಕ. ಭಾರತೀಯ ಹಡಗು ನಿಗಮವು ಅಂತಹ 15 ಹಡಗುಗಳಿಗೆ ಪರಮವೀರಚಕ್ರ ಪಡೆದವರ ಹೆಸರನ್ನಿಟ್ಟಿತು. ಅವುಗಳಲ್ಲೊಂದು ಕಾರವಾರದ ಸಮೀಪದ ಚೆಂಡಿಯಾ ಗ್ರಾಮದ ರಾಮ ರಾಘೋಬ ರಾಣೆಯವರ ಹೆಸರಿನದು.

ರಾಣೆಯವರು ನಾವಿಕರಲ್ಲ, ಭೂಸೇನೆಯ ಇಂಜಿನಿಯರ್ ದಳದವರು. 1948ರ ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕುಗಳು ನೌಶೇರಾದಿಂದ ರಾಜೌರಿಗೆ ಸಾಗಬೇಕಾಗಿತ್ತು. ಶತ್ರುಗಳು ದಾರಿಯಲ್ಲಿ ನೆಲಬಾಂಬುಗಳನ್ನು ಹೂತು, ಮರಗಳನ್ನು ಅಡ್ಡ ಕೆಡವಿದ್ದರು. ಮೊದಲ ದಿನವೇ ತೊಡೆಗೆ ಗಾಯವಾದರೂ ರಾಣೆಯವರು ಕೆಲಸ ಬಿಡಲಿಲ್ಲ. ಎಂಜಿನ್ನಿನ ಅಬ್ಬರದಲ್ಲಿ ಕೂಗಿದರೆ ಕೇಳಿಸುವಂತಿರಲಿಲ್ಲ. ಅವರು ಟ್ಯಾಂಕಿನ ಅಡಿಯಲ್ಲಿ ಅದರ ಜೊತೆಗೇ ತೆವಳುತ್ತ, ನಿಲ್ಲು, ನಡೆ ಎಂದು ಚಾಲಕನಿಗೆ ಹಗ್ಗವೆಳೆದು ಸಂಜ್ಞೆ ಮಾಡಿದರು. ಹೀಗೆ ದಾರಿ ತೆರೆಯಿತು. ಹಲವು ದಿನಗಳ ಆ ದುಡಿಮೆಯಿಂದ ಟ್ಯಾಂಕುಗಳು ರಾಜೌರಿಯನ್ನು ಮುಟ್ಟಿದವು.

ಆ 15 ವೀರರಲ್ಲಿ ಹೆಚ್ಚಿನವರು ರಣದಲ್ಲೇ ಮಡಿದವರು; ಮೇಜರ್ ಸೋಮನಾಥ ಶರ್ಮಾ 1947ರಲ್ಲಿ ಬಡಗಾಮ್‌ನಲ್ಲಿ ಬಿದ್ದರು. ರಾಣೆಯವರಾದರೋ ಬದುಕಿ ಉಳಿದರು. 1984ರಲ್ಲಿ ತಮ್ಮ ಹೆಸರಿನ ಹಡಗು ಕಡಲಿಗಿಳಿದಾಗ ಅವರಿನ್ನೂ ಜೀವಂತರಾಗಿದ್ದರು, ತೀರಿಕೊಂಡುದು 1994ರಲ್ಲಿ. ಆ ಹಡಗಿನಲ್ಲಿ ತೋಪುಗಳಿರಲಿಲ್ಲ. ಕಚ್ಚಾ ತೈಲವನ್ನು ಹೊತ್ತು 25 ವರ್ಷ ದುಡಿದು ಅದು ನಿವೃತ್ತವಾಯಿತು.

ಕಾರವಾರದ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಮಗ್ಗುಲಲ್ಲಿ, 2006ರಿಂದ ರಾಣೆಯವರ ಪ್ರತಿಮೆ ನಿಂತಿದೆ.