ಕೋಳಿಯ ಬೇನೆ, ಊರಿನ ಹೊಣೆ

ಕಾರವಾರ ಅಂಕೋಲೆಗಳ ಪೇಟೆಯಲ್ಲಿ ಕೋಳಿಯನ್ನು ಕೊಳ್ಳಹೋದ ಗೃಹಸ್ಥನು ಮಾಡುವ ಪರೀಕ್ಷೆಯು ನಮ್ಮ ವಾಚಕರಿಗೆಲ್ಲ ತಿಳಿದದ್ದೇ. ಜುಟ್ಟು ಕೆಂಪಾಗಿದೆಯೇ, ಕಣ್ಣು ತಿಳಿಯಾಗಿದೆಯೇ, ಹಕ್ಕಿಯು ತೂಕಡಿಸದೆ ಚುರುಕಾಗಿದೆಯೇ ಎಂದು ನೋಡಿ, ತನ್ನ ಕಣ್ಣೆದುರಿಗೇ ಕೊಯ್ಯಿಸಿ, ತಾಜಾ ಮಾಂಸವೇ ದೊರೆಯಿತೆಂಬ ಸಮಾಧಾನದಿಂದ ಅವನು ಮನೆಗೆ ತೆರಳುತ್ತಾನೆ. ಈ ಪರೀಕ್ಷೆಯು ವ್ಯರ್ಥವೆಂದು ನಾವು ಹೇಳುವುದಿಲ್ಲ. ಆದರೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಮಟ್ಟಿಗೆ ಅದು ಏನನ್ನೂ ತಿಳಿಸಲಾರದು. ಮನುಷ್ಯನನ್ನು ಬಾಧಿಸುವ ಬಗೆಯ ಆ ರೋಗಾಣುವನ್ನು ಕರುಳಿನಲ್ಲಿಟ್ಟುಕೊಂಡ ಕೋಳಿಯು ಬಹುಮಟ್ಟಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಹಾಸಿಗೆ ಹಿಡಿಯುವವನು ಅದನ್ನು ತಿಂದವನು. ಆದುದರಿಂದ ಈ ವಿಷಯವನ್ನು ಕೊಳ್ಳುವವನ ಜಾಣತನಕ್ಕೆ ಬಿಟ್ಟು ಸುಮ್ಮನಿರುವಂತಿಲ್ಲ. ಇದು ಊರಿನ ಹೊಣೆ, ಸರಕಾರದ ಹೊಣೆ ಎಂಬುದೇ ಇಂದು ನಾವು ಬಿನ್ನವಿಸಬೇಕೆಂದಿರುವ ಮಾತು.

1885ರಲ್ಲಿ ಅಮೇರಿಕದ ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಯು ಹಂದಿಗಳಲ್ಲಿ ಈ ಕುಲದ ಒಂದು ರೋಗಾಣುವನ್ನು ಕಂಡನು. ಅವನ ಮೇಲಧಿಕಾರಿಯಾಗಿದ್ದ ಪಶುವೈದ್ಯ ಡ್ಯಾನಿಯಲ್ ಸಾಲ್ಮನ್ನನ ಹೆಸರು ಅದಕ್ಕೆ ನಿಂತಿತು. ಇಂದು ಈ ಕುಲದಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿದ ಬಗೆಗಳು ಗುರುತಾಗಿವೆ. ಅವುಗಳಲ್ಲಿ ಟೈಫಾಯ್ಡ್ ಜ್ವರವನ್ನು ತರುವುದು ಮನುಷ್ಯನ ಮಲದಿಂದ ಕೆಟ್ಟ ನೀರು ಅನ್ನಗಳ ಮೂಲಕ ಹಬ್ಬುವಂಥದು. ಕೋಳಿಯು ಅದಕ್ಕೆ ಕಾರಣವಲ್ಲ. ಮರಿಗಳಲ್ಲಿ ಬಿಳಿ ಭೇದಿಯನ್ನೂ ಬೆಳೆದ ಹಕ್ಕಿಗಳಲ್ಲಿ ಕೋಳಿ ಟೈಫಾಯ್ಡನ್ನೂ ಉಂಟುಮಾಡುವವು ಸಾಕಿದವನ ಗೂಡನ್ನು ಬರಿದುಮಾಡುತ್ತವೆಯೇ ಹೊರತು ಮನುಷ್ಯನನ್ನು ತೀರ ಅಪರೂಪಕ್ಕೆ ಮಾತ್ರ ಬಾಧಿಸುತ್ತವೆ. ನಾವು ಅಂಜಬೇಕಾದದ್ದು ಎಂಟೆರಿಟಿಡಿಸ್, ಟೈಫಿಮ್ಯೂರಿಯಂ ಮೊದಲಾದವುಗಳಿಗೆ. ಕೆಟ್ಟ ಆಹಾರವು ಹೊಟ್ಟೆಗೆ ಹೋದ 6ರಿಂದ 72 ತಾಸುಗಳೊಳಗೆ ಜ್ವರ, ವಾಂತಿ, ಭೇದಿ, ಹೊಟ್ಟೆನುಲಿತಗಳು ತೋರುತ್ತವೆ. ಗಟ್ಟಿಮುಟ್ಟಾದವರು ವಾರದೊಳಗೆ ಚೇತರಿಸಿಕೊಂಡಾರು. ಎಳೆಯ ಮಕ್ಕಳಿಗೂ ವೃದ್ಧರಿಗೂ ಇದು ಪ್ರಾಣಾಂತಿಕವಾಗಬಹುದು.

ಇದು ದೂರದೇಶದ ಮಾತೆಂದು ಯಾರೂ ತಿಳಿಯಬಾರದು. ನಮ್ಮೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ, 2022ರ ಮೇ ಆರಂಭದಲ್ಲಿ ಅಂಗಡಿಯ ಕೋಳಿ ಷವರ್ಮಾ ತಿಂದ ಹತ್ತಾರು ಜನರು ಆಸ್ಪತ್ರೆ ಸೇರಿದರು. ಹದಿನಾರು ವಯಸ್ಸಿನ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಆ ತಿನಿಸಿನ ಮಾದರಿಯಲ್ಲಿ ಷಿಗೆಲ್ಲಾದೊಡನೆ ಸಾಲ್ಮೊನೆಲ್ಲಾವೂ ದೊರೆಯಿತೆಂದು ಕೇರಳ ಸರಕಾರವು ಪ್ರಕಟಿಸಿತು. 2023ರ ಜನವರಿಯಲ್ಲಿ ಆ ಸರಕಾರವು ಹಸಿ ತತ್ತಿಯಿಂದ ಮಾಡುವ ಮೇಯೊನೇಸನ್ನು ನಿಷೇಧಿಸಿತು. 2024ರ ಅಕ್ಟೋಬರದಲ್ಲಿ ತೆಲಂಗಾಣವೂ 2025ರ ಎಪ್ರಿಲದಲ್ಲಿ ತಮಿಳುನಾಡೂ ಒಂದೊಂದು ವರ್ಷದ ಮಟ್ಟಿಗೆ ಹಾಗೆಯೇ ಮಾಡಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಗೆ ಇದಕ್ಕಿಂತ ದುಃಖಕರವಾದ ಉದಾಹರಣೆಯು ಬೇಕೇ?

ರೋಗಾಣುವು ಕೋಳಿಗೆ ಬರುವ ದಾರಿಗಳು ಹಲವು. ತಾಯಿಕೋಳಿಯ ಅಂಡಾಶಯದಿಂದ ತತ್ತಿಯೊಳಕ್ಕೆ, ಮರಿ ಮಾಡಿಸುವ ಯಂತ್ರದಲ್ಲಿ ಮರಿಯಿಂದ ಮರಿಗೆ, ಹಿಕ್ಕೆ ಬಿದ್ದ ಹೊಟ್ಟಿನಿಂದ, ಇಲಿಗಳಿಂದ, ನೀರಿನಿಂದ, ಮೇವಿನಿಂದ ಅದು ಹಬ್ಬುತ್ತದೆ. ಮೇವಿನ ಮಾತು ಕರಾವಳಿಯವರಾದ ನಮಗೆ ವಿಶೇಷವಾಗಿ ತಟ್ಟತಕ್ಕದ್ದು. ಏಕೆಂದರೆ ಕೋಳಿಯ ಮೇವಿಗೆ ಮೀನಿನ ಹಿಟ್ಟು ಬೆರೆಯುತ್ತದೆ. 1970ರ ಸುಮಾರಿಗೆ ಪೆರು ದೇಶದ ಮೀನಿನ ಹಿಟ್ಟಿನೊಡನೆ ಅಗೋನಾ ಎಂಬ ಬಗೆಯು ಅಮೇರಿಕ, ಬ್ರಿಟನ್ನುಗಳ ಕೋಳಿಗಳನ್ನು ಸೇರಿ, ಅಲ್ಲಿಂದ ಮನುಷ್ಯರಿಗೂ ಹಬ್ಬಿತು. ಇನ್ನು, ಇಂದಿನ ಬ್ರಾಯ್ಲರ್ ಸಾಕಣೆಯು ಬಹುಮಟ್ಟಿಗೆ ಗುತ್ತಿಗೆಯ ಪದ್ಧತಿಯದು. ಮರಿ, ಮೇವು, ಔಷಧಿಗಳು ಕಂಪನಿಯವು. ಕೊಟ್ಟಿಗೆಯೂ ದುಡಿಮೆಯೂ ರೈತನವು. ಅವನಿಗೆ ದೊರೆಯುವುದು ತೂಕದ ಮೇಲಿನ ಕೂಲಿ. ಮರಿಯನ್ನಾಗಲಿ ಮೇವನ್ನಾಗಲಿ ಆರಿಸಿಕೊಳ್ಳುವ ಅಧಿಕಾರವಿಲ್ಲದ ರೈತನ ತಲೆಗೆ ದೋಷವನ್ನೆಲ್ಲ ಕಟ್ಟುವುದು ನ್ಯಾಯವಲ್ಲ. ಕಂಪನಿಯೇ ಮೊದಲು ಉತ್ತರ ಹೇಳಬೇಕು.

ಕೊಟ್ಟಿಗೆಯಿಂದ ಪೇಟೆಗೆ ಬಂದಾಗ ಕೇಡು ಇಮ್ಮಡಿಯಾಗುತ್ತದೆ. ಪಂಜರದಲ್ಲಿ ಒತ್ತೊತ್ತಾಗಿ ತುಂಬಿ, ದೂರ ಸಾಗಿಸಿ, ಬಳಲಿಸಿದ ಹಕ್ಕಿಯು ರೋಗಾಣುವನ್ನು ಹೆಚ್ಚಾಗಿ ಹೊರಗೆಡಹುತ್ತದೆ. ಅಂಗಡಿಯಲ್ಲಿ ಒಂದೇ ಕತ್ತಿ, ಒಂದೇ ಮರದ ಕೊರಡು, ಬದಲಿಸದ ಒಂದೇ ಪಾತ್ರೆ ಬಿಸಿನೀರು, ಗರಿ ಕೀಳುವ ಒಂದೇ ಯಂತ್ರ! ಬೆಳಗಿನ ಒಂದು ಕೋಳಿಯ ಕರುಳು ಒಡೆದರೆ ಸಂಜೆಯವರೆಗಿನ ಮಾಂಸಕ್ಕೆಲ್ಲ ಮೈಲಿಗೆ ತಗಲಬಹುದು. ನಮ್ಮ ಕರಾವಳಿಯ ಸೆಕೆಯಲ್ಲಿ ಹೊರಗಿಟ್ಟ ಮಾಂಸದ ಮೇಲೆ ಈ ಜಂತುಗಳು ಬೆಳೆಯುವ ವೇಗವನ್ನು ಹೇಳಬೇಕಾಗಿಲ್ಲ. ಹಿಮದ ಪೆಟ್ಟಿಗೆಯೂ ಅವುಗಳನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ.

ಹಾಗಾದರೆ ಕೋಳಿಯನ್ನೂ ತತ್ತಿಯನ್ನೂ ತ್ಯಜಿಸಬೇಕೆಂದು ನಾವು ಹೇಳುತ್ತಿರುವೆವೇ? ಎಂದಿಗೂ ಇಲ್ಲ. ಹಿತ್ತಲಲ್ಲಿ ನಾಲ್ಕು ಊರಕೋಳಿಗಳನ್ನು ಸಾಕಿ ಸಂತೆಯ ಖರ್ಚು ತೂಗಿಸುವ ಬಡ ಹೆಂಗಸಿನ ಬಾಯಿಗೆ ಮಣ್ಣು ಹಾಕುವ ಗುಲ್ಲು ನಮಗೆ ಬೇಡ. 2022ರಿಂದ ರಾಜ್ಯದ ಸರಕಾರಿ ಶಾಲೆಗಳ ಮಕ್ಕಳಿಗೆ ತತ್ತಿ ದೊರೆಯತೊಡಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನಗಳಿಗೆ ಏರಿತು. ಸೊರಗಿದ ಮಕ್ಕಳಿಗೆ ಇದಕ್ಕಿಂತ ಅಗ್ಗವಾದ ಪುಷ್ಟಿಯು ಮತ್ತೊಂದಿಲ್ಲ. ಚೆನ್ನಾಗಿ ಬೇಯಿಸಿದ ತತ್ತಿಯಲ್ಲಿ ಈ ಭಯವೂ ಇಲ್ಲ. ಆ ತತ್ತಿಯ ಮೇಲಿನ ವಿಶ್ವಾಸವನ್ನು ಉಳಿಸುವುದಕ್ಕಾಗಿಯೇ ನಾವು ಬರೆಯುತ್ತಿರುವುದು.

ಮನಸ್ಸು ಮಾಡಿದರೆ ರೋಗವನ್ನು ಮೂಲದಲ್ಲಿಯೇ ತಡೆಯಬಹುದೆಂಬುದಕ್ಕೆ ಬ್ರಿಟನ್ನು ಸಾಕ್ಷಿ. 1988ರ ಡಿಸೆಂಬರದಲ್ಲಿ ಅಲ್ಲಿಯ ಮಂತ್ರಿಣಿ ಎಡ್ವಿನಾ ಕರಿ ಅವರು ದೇಶದ ತತ್ತಿಯಲ್ಲಿ ಹೆಚ್ಚಿನ ಪಾಲು ಸಾಲ್ಮೊನೆಲ್ಲಾದಿಂದ ಕೆಟ್ಟಿದೆಯೆಂದರು. ಮಾತು ಅಳತೆ ಮೀರಿತ್ತು. ತತ್ತಿಯ ವ್ಯಾಪಾರ ಕುಸಿದು, ಎರಡೇ ವಾರಗಳಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಆದರೆ ರೋಗವಿದ್ದದ್ದು ನಿಜ. ಮುಂದೆ 1998ರಿಂದ ಸಿಂಹಮುದ್ರೆಯ ತತ್ತಿಗಳಿಗಾಗಿ ಕೋಳಿಗಳಿಗೆ ಲಸಿಕೆ ಹಾಕುವುದು ಕಡ್ಡಾಯವಾಗಿ, ರೋಗವು ಇಳಿಯಿತು. 2017ರಲ್ಲಿ ಆ ತತ್ತಿಗಳನ್ನು ಗರ್ಭಿಣಿಯರೂ ಮಕ್ಕಳೂ ಅರೆಬೇಯಿಸಿ ತಿನ್ನಬಹುದೆಂದು ಅಲ್ಲಿಯ ಆಹಾರ ಮಂಡಲಿಯು ಸಾರಿತು. ಅಂಥ ಮುದ್ರೆಯಿಲ್ಲದ ನಮ್ಮ ತತ್ತಿಯನ್ನು ನಾವು ಪೂರ್ತಿ ಬೇಯಿಸಿಯೇ ತಿನ್ನತಕ್ಕದ್ದು.

ನಮ್ಮಲ್ಲಿ ಕಾಯಿದೆಗೆ ಬಡತನವಿಲ್ಲ. ಆಹಾರ ಸುರಕ್ಷತೆಯ ಕಾಯಿದೆಯು 2006ರಲ್ಲಿ ಆಗಿ 2011ರಿಂದ ಜಾರಿಗೆ ಬಂದಿದೆ. ಕೊನೆಯ ಮದ್ದೆಂದು ಮನುಷ್ಯರಿಗಾಗಿ ಕಾದಿಡಬೇಕಾದ ಕೊಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ಕೊಡಬಾರದೆಂದು 2019ರ ಜುಲೈಯಲ್ಲಿ ಕೇಂದ್ರ ಸರಕಾರವು ವಿಧಿಸಿತು. ಬೇಕಾಗಿರುವುದು ಆಚರಣೆ. ಕಾರವಾರದ ನಗರಸಭೆಯೂ ಅಂಕೋಲೆಯ ಪುರಸಭೆಯೂ ಕೋಳಿಯ ಅಂಗಡಿಗಳಿಗೆ ಹರಿಯುವ ನೀರು, ತೊಳೆಯಬಲ್ಲ ಕೊಯ್ಯುವ ಹಲಗೆ, ಕಸದ ವಿಲೇವಾರಿ ಇವು ಇಲ್ಲದೆ ಪರವಾನಿಗೆ ಕೊಡಬಾರದು. ಪಶುವೈದ್ಯ ಇಲಾಖೆಯವರು ಮರಿ, ಮೇವು, ಹಿಕ್ಕೆಗಳ ಮಾದರಿಗಳನ್ನು ಆಗಾಗ ಪರೀಕ್ಷಿಸಿ, ಫಲವನ್ನು ಬಚ್ಚಿಡದೆ ಪ್ರಕಟಿಸಬೇಕು. ಭೇದಿಯ ರೋಗಿಗಳು ಗುಂಪಾಗಿ ಬಂದಾಗ ಕಾರವಾರದ ವೈದ್ಯಕೀಯ ಸಂಸ್ಥೆಯು ರೋಗಾಣುವಿನ ಬಗೆಯನ್ನು ಗುರುತಿಸಿ ಪಶುವೈದ್ಯರಿಗೂ ಆಹಾರ ಸುರಕ್ಷತಾ ಅಧಿಕಾರಿಗಳಿಗೂ ತಿಳಿಸಬೇಕು.

ಗೃಹಸ್ಥರ ಪಾಲೂ ಇಲ್ಲದಿಲ್ಲ. ಮಾಂಸದ ನಡುಭಾಗಕ್ಕೂ 70 ಅಂಶಕ್ಕೆ ಕಡಿಮೆಯಿಲ್ಲದ ಕಾವು ತಟ್ಟಬೇಕು. ಕುದಿಯುವ ಸಾರಿನಲ್ಲಿ ಇದು ಸುಲಭಸಾಧ್ಯ. ಹಸಿ ಮಾಂಸವನ್ನು ನಲ್ಲಿಯಡಿ ರಭಸದಿಂದ ತೊಳೆದರೆ ಹನಿಗಳು ಸಿಡಿದು ಪಕ್ಕದ ತರಕಾರಿಗೆ ರೋಗಾಣು ತಗಲುತ್ತದೆ. ಹಸಿ ಮಾಂಸ ಕೊಯ್ದ ಚೂರಿಯಿಂದ ಸವತೆಕಾಯಿ ಹೆಚ್ಚಬಾರದು; ಒಡೆದ ತತ್ತಿಯನ್ನು ಕೊಳ್ಳಬಾರದು; ಕೈಯನ್ನು ಸಾಬೂನಿನಿಂದ ತೊಳೆಯಬೇಕು; ಬೇಯಿಸಿದ್ದನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು.

1930ರ ಎಪ್ರಿಲ್ 13ರಂದು ಅಂಕೋಲೆಯ ಜನರು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪನ್ನು ಮಾಡಿ ಪರಸರಕಾರದ ಕಾಯಿದೆಯನ್ನು ಮುರಿದರು. ಅನ್ಯರ ಅನ್ಯಾಯದ ಕಾಯಿದೆಯನ್ನು ಮುರಿಯಲು ಅಂದು ಧೈರ್ಯ ಬೇಕಾಗಿತ್ತು. ನಮ್ಮವರೇ ನಮ್ಮ ಹಿತಕ್ಕಾಗಿ ಮಾಡಿದ ಕಾಯಿದೆಯನ್ನು ಪಾಲಿಸಲು ಇಂದು ಬೇಕಾಗಿರುವುದು ಶ್ರದ್ಧೆ ಮಾತ್ರ. ಚೆರುವತ್ತೂರಿನ ಮನೆಗೆ ಬಂದ ದುಃಖವು ನಮ್ಮೂರಿನ ಯಾವ ಮನೆಗೂ ಬರುವ ಮುನ್ನವೇ ಅಧಿಕಾರಿಗಳೂ ನಾಗರಿಕರೂ ಎಚ್ಚರಾಗುವರೆಂದು ನಾವು ಆಶಿಸುತ್ತೇವೆ.