ತಂದೆಯಾದವನ ಕಾಯಕ

ಮಕ್ಕಳ ಸಂಸ್ಕಾರದ ಮಾತು ಬಂದಾಗಲೆಲ್ಲ ನಮ್ಮ ಸಮಾಜದಲ್ಲಿ ಒಂದು ವಿಚಿತ್ರವಾದ ಲೆಕ್ಕಾಚಾರ ನಡೆಯುತ್ತದೆ. ಮಗು ದಾರಿ ತಪ್ಪಿದರೆ ತಾಯಿ ಸಲಿಗೆ ಕೊಟ್ಟು ಕೆಡಿಸಿದಳೆನ್ನುತ್ತೇವೆ. ಒಳ್ಳೆಯ ಹೆಸರು ತಂದರೆ ಇಂಥವರ ಮಗನೆಂದು ತಂದೆಯನ್ನು ಹೊಗಳುತ್ತೇವೆ. ಈ ಲೆಕ್ಕದಲ್ಲಿರುವ ಅನ್ಯಾಯವನ್ನು ತಂದೆಯರಾದ ನಾವೇ ಮೊದಲು ಒಪ್ಪಿಕೊಳ್ಳಬೇಕು. ದುಡಿದು ತಂದುಹಾಕಿ, ಶಾಲೆಯ ಶುಲ್ಕ ಕಟ್ಟಿ, ಅಂಕಪಟ್ಟಿಗೆ ಸಹಿ ಮಾಡಿದರೆ ಹೊಣೆ ತೀರಿತೆಂದು ಭಾವಿಸಿರುವ ತಂದೆಯರು ನಮ್ಮ ನಡುವೆ ಕಡಿಮೆಯೇನಿಲ್ಲ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಕಲ್ಯಾಣದಲ್ಲಿ ದಾಸೋಹ ನಡೆಸುತ್ತಿದ್ದ ಮನೆ ಅದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ; ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಉಪನ್ಯಾಸಗಳಲ್ಲಿ ನಾವು ಲಕ್ಕಮ್ಮನವರ ನಿಷ್ಠೆಯನ್ನು ಕೊಂಡಾಡುತ್ತೇವೆ, ಅದು ಸರಿಯೇ. ಆದರೆ ಪತ್ನಿಯ ಮಾತು ದಿಟವೆಂದು ಕಂಡೊಡನೆ, ತಂದ ಅಕ್ಕಿಯನ್ನು ಮರಳಿ ಹೊತ್ತು ಹೋದ ಗಂಡಸಿನ ಬಗೆಗೆ ನಾವು ಅಷ್ಟಾಗಿ ಮಾತನಾಡುವುದಿಲ್ಲ. ತಂದೆಯರು ಕಲಿಯಬೇಕಾದ ಪಾಠ ಆ ಹಿಂದಿರುಗಿದ ಹೆಜ್ಜೆಗಳಲ್ಲಿದೆ. ತನ್ನ ತಪ್ಪನ್ನು ಮನೆಯವರ ಎದುರು ತಿದ್ದಿಕೊಳ್ಳಬಲ್ಲ ತಂದೆಯನ್ನು ಕಂಡ ಮಗುವಿಗೆ ಪ್ರಾಮಾಣಿಕತೆಯ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ.

ಹೀಗೆ ಬರೆಯುವ ನಾವೂ ಈ ದೋಷಕ್ಕೆ ಹೊರತಾದವರಲ್ಲ. ಮಗನಿಗೆ ಏಳು ವರ್ಷ ನಡೆಯುತ್ತಿದ್ದಾಗ ಕುಟುಂಬಸಮೇತ ಕೂಡಲಸಂಗಮಕ್ಕೆ ಹೊರಟಿದ್ದೆವು. ಆರು ತುಂಬಿದ ಮಕ್ಕಳಿಗೆ ಅರ್ಧ ಟಿಕೆಟ್ಟು. ನಿರ್ವಾಹಕರು ಕೇಳಿದಾಗ, 'ಇನ್ನೂ ಐದು' ಎಂದುಬಿಟ್ಟೆವು. ಸಂಗಮದಲ್ಲಿ ಐಕ್ಯಮಂಟಪದ ಮೆಟ್ಟಿಲುಗಳನ್ನು ಇಳಿಯುತ್ತಿರುವಾಗ ಮಗ ನಮ್ಮ ಕೈ ಜಗ್ಗಿ, 'ಅಪ್ಪಾ, ದೇವರ ಮುಂದ ನನಗ ಎಷ್ಟು ವರ್ಷ ಅಂತ ಹೇಳ್ಲಿ?' ಎಂದು ಕೇಳಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಹಿಂದಿರುಗುವಾಗ ಅರ್ಧ ಟಿಕೆಟ್ಟು ತೆಗೆಸಿದೆವು, ಹೋಗುವಾಗ ಹೇಳಿದ್ದು ಸುಳ್ಳೆಂದೂ ಅದು ತಪ್ಪೆಂದೂ ಅವನಿಗೆ ಹೇಳಿದೆವು. ಹಣ ಕೊಡುವುದು ಸುಲಭವಾಗಿತ್ತು, ಆ ಮಾತು ಆಡುವುದು ಸುಲಭವಾಗಿರಲಿಲ್ಲ.

ಪೂಜೆಯ ವಿಷಯದಲ್ಲಿಯೂ ಇದೇ ಮಾತು. ತನ್ನ ಕರಡಿಗೆಯನ್ನು ಗೂಟಕ್ಕೆ ತೂಗುಹಾಕಿ, ಮಕ್ಕಳಿಗೆ ಮಾತ್ರ 'ಲಿಂಗ ಕಟ್ಟಿಕೋ, ವಿಭೂತಿ ಹಚ್ಚಿಕೋ' ಎಂದು ಗದರುವ ತಂದೆಯ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಬೆಳಿಗ್ಗೆ ಹದಿನೈದು ನಿಮಿಷ ತಾನು ಮೊದಲು ಕುಳಿತು, ಪಕ್ಕದಲ್ಲಿ ಮಗುವಿಗೊಂದು ಮಣೆ ಹಾಕಿದರೆ ಸಾಕು, ಬಲವಂತ ಬೇಡ. ಬೆಳೆದ ಮಕ್ಕಳು 'ಇದೇಕೆ, ಅದೇಕೆ' ಎಂದು ಕೇಳಿಯೇ ಕೇಳುತ್ತಾರೆ. ಅದನ್ನು ಉದ್ಧಟತನವೆಂದು ಬಗೆಯಬಾರದು. ಅನುಭವ ಮಂಟಪದಲ್ಲಿ ಶರಣರು ಪ್ರಶ್ನೆ ಉತ್ತರಗಳ ಮೂಲಕವೇ ತತ್ತ್ವವನ್ನು ಒರೆಗೆ ಹಚ್ಚಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಮನೆಯಲ್ಲಿ ಮಗ ಪ್ರಶ್ನಿಸಿದರೆ ಹುಬ್ಬುಗಂಟಿಕ್ಕುವುದು ಯಾವ ನ್ಯಾಯ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಬೇಕು. ಬಳಿಕ ಇಬ್ಬರೂ ಕೂಡಿ ವಚನ ಸಂಪುಟವನ್ನು ತೆರೆಯಬಹುದು. ಆ ವಚನಗಳು ನಮ್ಮ ಕೈಸೇರುವಂತೆ ಮಾಡಲು ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ತಮ್ಮ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರೆಂಬ ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು.

ಕೈಕೆಲಸ ಕಲಿಸದ ಸಂಸ್ಕಾರ ಅರ್ಧ ಸಂಸ್ಕಾರ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳ (2019ರಲ್ಲಿ ಲಿಂಗೈಕ್ಯರಾದರು) ಆಶ್ರಯದಲ್ಲಿ ಬೆಳೆದ ಸಾವಿರಾರು ಹುಡುಗರು ಜಾತಿಮತಗಳ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಉಂಡು, ತಮ್ಮ ತಟ್ಟೆಯನ್ನು ತಾವೇ ತೊಳೆದು, ಬೆಳಿಗ್ಗೆ ಸಂಜೆ ಸಾಮೂಹಿಕ ಪ್ರಾರ್ಥನೆಗೆ ನಿಂತವರು. ಮಠದಲ್ಲಿ ಅದನ್ನು ಕಂಡು ಕೈಮುಗಿದು ಬರುವ ನಾವು, ಮನೆಯಲ್ಲಿ ಮಗ ಉಂಡ ತಟ್ಟೆಯನ್ನು ತಂಗಿಯಿಂದ ಎತ್ತಿಸುತ್ತೇವೆ! ಲಿಂಗಧಾರಣೆಯಲ್ಲಿ ಗಂಡು ಹೆಣ್ಣೆಂಬ ಭೇದವನ್ನು ಶರಣರು ಇಡಲಿಲ್ಲ. ಕಸಬರಿಗೆ ಹಿಡಿಯುವುದರಲ್ಲಿ ಆ ಭೇದವನ್ನು ಉಳಿಸಿಕೊಂಡವರು ನಾವು. ಇದನ್ನು ಮುರಿಯುವ ಉಪಾಯ ಒಂದೇ: ತಂದೆ ತಾನು ಉಂಡ ತಟ್ಟೆಯನ್ನು ತಾನೇ ಎತ್ತಬೇಕು.

ಮೊಬೈಲಿನ ಬಗೆಗೆ ಬಹಳ ಹೇಳಬೇಕಾಗಿಲ್ಲ. ಊಟಕ್ಕೆ ಕುಳಿತಾಗ ತಂದೆಯ ಕೈಯಲ್ಲಿ ಅದಿಲ್ಲದಿದ್ದರೆ, ಮಕ್ಕಳ ಕೈಯಿಂದ ಬಿಡಿಸುವ ಹಕ್ಕು ಅವನಿಗೆ ಬರುತ್ತದೆ. ಹಣದ ವಿಷಯದಲ್ಲಿ, ಮನೆಯ ವರಮಾನವೆಷ್ಟು, ಸಾಲವೆಷ್ಟು, ದಾಸೋಹಕ್ಕೆ ತೆಗೆದಿಟ್ಟದ್ದೆಷ್ಟು ಎಂಬುದನ್ನು ಹತ್ತನೆಯ ತರಗತಿಗೆ ಬಂದ ಮಕ್ಕಳಿಂದ ಮುಚ್ಚಿಡಬಾರದೆಂದು ನಮ್ಮ ಅಭಿಪ್ರಾಯ. ಮುಚ್ಚಿಡಬೇಕಾದ ವರಮಾನವಿದ್ದರೆ ಅದು ಬೇರೆಯೇ ಮಾತು.

ಇನ್ನು ಹೊಡೆಯುವ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಗುರುಗಳ ಕೈಯಿಂದ ಬೆತ್ತ ಹೋಯಿತು. ಆದರೆ ಅನೇಕ ಮನೆಗಳಲ್ಲಿ ತಂದೆಯ ಕೈಯಲ್ಲಿ ಅದು ಇನ್ನೂ ಇದೆ. 'ನಮ್ಮಪ್ಪ ಹೊಡೆದದ್ದರಿಂದಲೇ ನಾವು ಉದ್ಧಾರವಾದೆವು' ಎಂಬುದು ಇಂಥವರ ವಾದ. ಅದು ಭಕ್ತಿಯಿಂದ ಬಂದ ಮಾತೋ, ಹಳೆಯ ನೋವನ್ನು ಮರೆಸುವ ಮಾತೋ ಅವರೇ ಯೋಚಿಸಬೇಕು.

ನಮಗೆ ಪರಿಚಯದ ಒಂದು ಮನೆಯ ಸಂಗತಿಯನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇವೆ. ತಂದೆ ಕಿರಾಣಿ ವ್ಯಾಪಾರಿ, ನಿತ್ಯ ಪೂಜಾನಿಷ್ಠರು, ಮುಂಗೋಪಿಗಳು. ಮಗ ದ್ವಿತೀಯ ಪಿ.ಯು.ಸಿ.ಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ. ಫಲಿತಾಂಶ ಬಂದ ದಿನ ಸ್ನೇಹಿತನ ಮನೆಗೆಂದು ಹೋದವನು ಹಿಂದಿರುಗಲಿಲ್ಲ. ಆ ತಂದೆ ಬಾವಿಗಳನ್ನೂ ಕೆರೆಯ ದಂಡೆಗಳನ್ನೂ ಹುಡುಕಿಕೊಂಡು ತಿರುಗಿದ ಎರಡು ರಾತ್ರಿಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೂರನೆಯ ದಿನ ದೂರದ ಮಠವೊಂದರಿಂದ ಕರೆ ಬಂದಿತು. ಹುಡುಗ ಅಲ್ಲಿಯ ದಾಸೋಹದ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ. ಏಕೆ ಹೇಳಲಿಲ್ಲವೆಂದು ತಂದೆ ಕೇಳಿದ್ದಕ್ಕೆ ಅವನು, 'ಹೇಳಿದರ ನೀವು ಹೊಡೀತೀರಿ ಅಂತ ಗೊತ್ತಿತ್ತು. ಹೊಡತಕ್ಕ ಅಂಜಲಿಲ್ಲ. ನಾಕ ಮಂದಿ ಮುಂದ ಹೊಡೀತೀರಿ, ಅದಕ್ಕ ಅಂಜಿದೆ' ಎಂದನಂತೆ.

ಆ ವ್ಯಾಪಾರಿಗಳು ಒಂದೇ ದಿನದಲ್ಲಿ ಶಾಂತಮೂರ್ತಿಗಳಾದರೆಂದು ನಾವು ಹೇಳಲಾರೆವು. ಸಿಟ್ಟು ಬಂದಾಗ ಅಂಗಡಿಯ ಗಲ್ಲೆಯಿಂದ ಎದ್ದು ಹೊರಗೆ ಹೋಗಿ, ಒಂದು ಸುತ್ತು ಹಾಕಿ ಬರುತ್ತಾರೆ. ರಾತ್ರಿ ಲೆಕ್ಕ ಬರೆಯುವಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಓದಿನ ಮಾತೆತ್ತದೆ, ಅಂದಿನ ವ್ಯಾಪಾರದಲ್ಲಿ ತಾವು ಮಾಡಿದ ತಪ್ಪು ಲೆಕ್ಕವನ್ನು ಅವನಿಂದಲೇ ಹುಡುಕಿಸುತ್ತಾರೆ. ಹುಡುಗ ಪೂರಕ ಪರೀಕ್ಷೆಯಲ್ಲಿ ಗಣಿತ ಮುಗಿಸಿದ, ಭೌತಶಾಸ್ತ್ರ ಮತ್ತೆ ಉಳಿಯಿತು. ಆ ಸುದ್ದಿಯನ್ನು ತಂದೆಗೆ ಮೊದಲು ತಿಳಿಸಿದವನು ಅವನೇ. ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗಲೇ ಬಂದು ಹೇಳಿದ.